ಅಕ್ಕನ ಕಾಲು, ನನ್ನ ಬ್ರೇಕು

ಮಾರ್ಚ್ 3, ರಾತ್ರಿ 8

ಮೊದಲ ಕ್ಲಾಸು ಉಗುರುರಾಯನಿಗೆ. ಹೆಸರು ಬೇರೆ ಏನೋ ಇದೆ. ಕಿರುಬೆರಳಿನ ಉಗುರನ್ನು ಇಷ್ಟುದ್ದ ಬೆಳೆಸಿದ್ದಾನೆ. ಸಿಗ್ನಲ್ಲಿನಲ್ಲಿ ಕಾರು ನಿಂತಿತೋ ಇಲ್ಲವೋ, ಅದು ಸೀದಾ ಕಿವಿಗೆ. ಆಮೇಲೆ ಅದೇ ಕೈ ಸ್ಟಿಯರಿಂಗಿಗೆ. ಥೂ. ಅವನು ಇಳಿದ ಮೇಲೆ ಸ್ಟಿಯರಿಂಗ್, ಗೇರ್, ಬಾಗಿಲ ಹಿಡಿ — ಎಲ್ಲಾ ಒರೆಸಿದೆ. ಡ್ರೈವಿಂಗ್ ಸ್ಕೂಲ್ ಇಟ್ಟುಕೊಂಡವಳಿಗೆ ಇಷ್ಟು ದೊಡ್ಡ ಮೂಗು ಇರಬಾರದು ಅನ್ನುತ್ತಾಳೆ ಅಕ್ಕ. ಅವಳು ನರ್ಸು. ಅವಳ ಮೂಗು ಯಾವತ್ತೋ ರಾಜೀನಾಮೆ ಕೊಟ್ಟಿದೆ.

ಹೊಸ ಕಾರು ಇವತ್ತೂ ಬರಲಿಲ್ಲ. ಡೀಲರಿಗೆ ಫೋನ್ ಮಾಡಿದೆ. "ದಾರೀಲಿದೆ ಮೇಡಂ, ಬಂದೇಬಿಡ್ತು ಅಂದ್ಕೊಳ್ಳಿ." ಮಾತಿನಲ್ಲಿ ಬೆಣ್ಣೆ ಎಷ್ಟಿತ್ತೆಂದರೆ ಫೋನ್ ಕೈಯಿಂದ ಜಾರಬೇಕು. ಕಲಿಯುವವರ ಕಡೆ, ಪಕ್ಕದಲ್ಲಿ ಕೂರುವ ನನ್ನ ಕಡೆ, ಎರಡು ಕಡೆಯೂ ಕ್ಲಚ್ಚು, ಬ್ರೇಕು ಇರುವ ಕಾರನ್ನು ಇವನೊಬ್ಬನೇ ಮಾಡಿಸಿ ಕೊಡುವುದು, ಇರುವುದು ಮಾತ್ರ ಎಲ್ಲೋ ಮೂಲೆಯಲ್ಲಿ. ಹುಡುಕಿಕೊಟ್ಟವರು ಭಾವ. ಆ ಉಪಕಾರವನ್ನು ದಿನಕ್ಕೊಮ್ಮೆ ನೆನಪಿಸದಿದ್ದರೆ ಅವರಿಗೆ ಊಟ ಸೇರುವುದಿಲ್ಲ.

ಹದಿನೈದಕ್ಕೆ ಹಳೆಯ ಕಾರಿನ ಪರ್ಮಿಟ್ ಮುಗಿಯುತ್ತದೆ. ಇಪ್ಪತ್ತಕ್ಕೆ ಅಕ್ಕನ ಲೈಸೆನ್ಸ್ ಟೆಸ್ಟ್. ಅವಳ ವಾರ್ಡ್ ಮುಚ್ಚುತ್ತಿದ್ದಾರೆ. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ಕೆಲಸಕ್ಕೆ ಹಾಕಿಕೊಳ್ಳುತ್ತಾರಂತೆ, ಆದರೆ ಕಾರು ಓಡಿಸಲು ಬರಬೇಕು. ಇಲ್ಲದಿದ್ದರೆ ಮನೆಯಲ್ಲಿ ಭಾವನ ಎದುರು ಇಡೀ ದಿನ ಕೂರಬೇಕು. ದೇವರೇ.

ಭಾವ ನಿನ್ನೆ ಎಲ್ಲರ ಎದುರಿಗೇ ಅಂದರು: "ಕೆಲವರ ಕೈಗೆ ಸೂಜಿ ಕೊಡ್ಬೇಕು, ಸ್ಟಿಯರಿಂಗ್ ಕೊಡ್ಬಾರ್ದು." ಅಂದು, ತಾವೇ ನಕ್ಕರು. ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡಿತ್ತು.

ಮಾರ್ಚ್ 5, ಸಂಜೆ

ಬಂತು.

ಮಧ್ಯಾಹ್ನ ಉದ್ದನೆಯ ಟ್ರೈಲರು ಬೀದಿಯ ತುದಿಗೆ ಬಂದು ನಿಂತಿತು. ನನ್ನ ಬಿಳಿ ಕಾರು ಮೇಲಿನ ಸಾಲಿನಲ್ಲಿ. ದೂರದಿಂದ ಏನು ಚೆಂದ! ಎದೆ ಒಂದು ಕ್ಷಣ ಹಗುರವಾಯಿತು, ಸುಳ್ಳು ಹೇಳಬಾರದು. ಡ್ರೈವರ್ ಇಳಿಸಿ, ಅಂಗಳಕ್ಕೆ ತಂದು ನಿಲ್ಲಿಸಿ, ಕಾಗದ ಮುಂದೆ ಹಿಡಿದ. "ಸೈನ್ ಹಾಕಿ ಮೇಡಂ, ಇನ್ನೂ ಮೂರು ಕಡೆ ಹೋಗ್ಬೇಕು."

ನೋಡದೆ ಸೈನ್ ಹಾಕುವ ಪೈಕಿ ಅಲ್ಲ ನಾನು. ಸುತ್ತ ಬಂದೆ. ಬಣ್ಣ ಸರಿ. ಒಂದು ಗೀರಿಲ್ಲ. ಟೈರು ಸರಿ. ಎಂಜಿನ್ ನಂಬರು ತಾಳೆಯಾಯಿತು. ನನ್ನ ಕಡೆಯ ಬಾಗಿಲು ತೆಗೆದೆ…

ವಾಸನೆ. ಹೊಸ ಕಾರಿನದಲ್ಲ. ಬೇಯಿಸಿದ ಮೊಟ್ಟೆ, ಸಿಗರೇಟು, ಮನುಷ್ಯನ ಪಾದ — ಮೂರೂ ಬಿಸಿಲಲ್ಲಿ ಕುದಿದು ಒಂದಾಗಿವೆ. ಗೇರಿನ ಮೇಲೆ ಕಾಲುಚೀಲ ಒಣಹಾಕಿದ್ದಾನೆ! ಒಂದಲ್ಲ, ಜೋಡಿ. ಡ್ರೈವರ್ ಸೀಟು ಪೂರ್ತಿ ಹಿಂದಕ್ಕೆ, ಮಲಗಿಸಿದ ಹಾಗೆಯೇ ಇದೆ. ತಲೆ ಇಡುವ ಕಡೆ ಎಣ್ಣೆಯ ಜಿಡ್ಡು. ಕೂರುವ ಕಡೆ ಕಂದು ಕಲೆ, ಅಂಗೈಯಗಲ.

"ಇದೇನು?"

"ಚಾ ಮೇಡಂ. ಚೆಲ್ತು."

"ನನ್ನ ಕಾರಲ್ಲಿ ಮಲಗಿದ್ದೀಯಾ?"

"ರಾತ್ರಿ ಟ್ರೈಲರ್ ಕ್ಯಾಬಿನ್ನಲ್ಲಿ ಸೊಳ್ಳೆ ಮೇಡಂ. ಇದು ಕಿಟಕಿ ಎಲ್ಲಾ ಟೈಟಾಗಿದೆ." ಹೊಗಳುವವನ ಹಾಗೆ ಹೇಳಿದ. ಕಾಲುಚೀಲ ತೆಗೆದು ಜೇಬಿಗೆ ತುರುಕಿ, ಅದೇ ಕೈಯಿಂದ ಸೀಟು ಒರೆಸಿದ. "ಕ್ಲೀನಾಗಿದೆ, ಬೇಕಾದ್ರೆ ಕೂತು ನೋಡಿ."

ನೀನು ಹೊರಳಾಡಿದ ಸೀಟಿನಲ್ಲಿ ನಾನು ಕೂರಬೇಕಾ? ಕಾಗದ ವಾಪಸ್ ಅವನ ಕೈಗಿಟ್ಟೆ. ತಗೊಂಡು ಹೋಗು ಅಂದೆ.

ಡೀಲರ್ ಫೋನಿನಲ್ಲಿ ಅರ್ಧ ಗಂಟೆ ಗೋಳಾಡಿದ. ವಾಪಸಾದರೆ ಇನ್ನೊಂದು ಬರಲು ಎರಡು ತಿಂಗಳಂತೆ. ಅಷ್ಟರಲ್ಲಿ ಅಕ್ಕ ಡ್ಯೂಟಿ ಮುಗಿಸಿ ಬಂದಳು. ಬಾಗಿಲು ತೆಗೆದು ಒಳಗೆ ತಲೆ ಹಾಕಿ ನೋಡಿದಳು. ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ.

"ಸೋಪಿನ ನೀರಲ್ಲಿ ಹೋಗತ್ತೆ ಕಣೇ. ಇಷ್ಟಕ್ಕೆ ಕಾರನ್ನೇ ಬೇಡ ಅಂತೀಯಾ? ನನ್ನ ಟೆಸ್ಟ್ ಗತಿ ಏನು?"

ಟೆಸ್ಟ್. ಹೌದು.

ಕೊನೆಗೆ ಪಕ್ಕದ ನನ್ನ ಸೀಟಿನಲ್ಲಿ ಕೂತೆ. ಅದು ಅವನ ಕೈಗೆ ಸಿಕ್ಕದೆ ಬಚಾವಾಗಿತ್ತು, ಪ್ಲಾಸ್ಟಿಕ್ ಕೂಡ ಹರಿದಿರಲಿಲ್ಲ. ನನ್ನ ಬ್ರೇಕ್ ಒತ್ತಿದೆ. ಒತ್ತಿ, ಒತ್ತಿ ನೋಡಿದೆ. ಗಟ್ಟಿ. ಕ್ಲಚ್ಚೂ ಸರಿ. ಆ ಕಡೆಯ ಪೆಡಲ್ಲನ್ನು ಅಕ್ಕ ಹೊರಗೆ ನಿಂತೇ ಕೈಯಿಂದ ಒತ್ತಿ ತೋರಿಸಿದಳು. ಸಾಕು ಅನ್ನಿಸಿತು. ಮೂಗು ಮುಚ್ಚಿಕೊಂಡು ಸೈನ್ ಹಾಕಿದೆ. ಡ್ರೈವರ್ ಹೋಗುವಾಗ "ಖುಷಿಯಾಗಿ ಓಡ್ಸಿ ಮೇಡಂ" ಎಂದ. ಕೈ ಬೇರೆ ಚಾಚಿದ. ನಾನು ನಮಸ್ಕಾರ ಮಾಡಿದೆ.

ಮಾರ್ಚ್ 6

ತೊಳೆದೆ. ತೊಳೆಸಿದೆ. ಎರಡು ಬಾಟಲಿ ಶಾಂಪೂ. ವಾಸನೆ ಅರ್ಧ ಹೋಯಿತು, ಕಲೆ ಮಸುಕಾಯಿತು. ಆದರೆ ನನಗೆ ಗೊತ್ತಲ್ಲ ಅದು ಅಲ್ಲಿದೆ ಎಂದು.

ಸೀಟ್ ಕವರ್ ಅಂಗಡಿಯವನನ್ನು ಮನೆಗೇ ಕರೆಸಿದೆ. ದಪ್ಪ ಕಪ್ಪು ರೆಕ್ಸಿನ್. "ಕಂಪನಿ ಸೀಟೇ ಚೆನ್ನಾಗಿದೆಯಲ್ಲ ಮೇಡಂ" ಎಂದ. ನಿನಗೇಕಯ್ಯ, ಹಾಕು ಅಂದೆ. ಕೆಳಗೆ ಎಲಾಸ್ಟಿಕ್ ಎಳೆದು ತಂತಿಯ ಕೊಕ್ಕೆಗಳಿಂದ ಬಿಗಿದ. ಸಡಿಲ ಕಂಡಿತು. ಇನ್ನೂ ಬಿಗಿ ಅಂದೆ, ಇನ್ನೊಂದು ಕೊಕ್ಕೆ ಹಾಕಿಸಿದೆ. ಈಗ ಆ ಹೊಲಸು ಮಣ್ಣಾದ ಹಾಗೆ. ಆದರೂ ಕೂರಲು ಮನಸ್ಸಾಗಲಿಲ್ಲ. ಕೂರುವ ಅಗತ್ಯವಾದರೂ ಏನು? ನನ್ನ ಜಾಗ ಪಕ್ಕದ್ದು. ದಿನದ ಕೊನೆಯ ಕ್ಲಾಸಿನವರು ನನ್ನನ್ನು ಮನೆಗೆ ತಂದು ಬಿಡುತ್ತಾರೆ, ಬೆಳಿಗ್ಗೆ ಮೊದಲಿನವರು ಬಂದು ಇಲ್ಲಿಂದಲೇ ಹೊರಡಿಸುತ್ತಾರೆ. ನಾನು ಸ್ಟಿಯರಿಂಗ್ ಹಿಡಿದು ಯಾವ ಕಾಲವಾಯಿತೋ.

ಮಾರ್ಚ್ 8, ಸಂಜೆ 7

ಹೊಸ ಕಾರಿನಲ್ಲಿ ಅಕ್ಕನ ಮೊದಲ ಕ್ಲಾಸು. ಹಳೆಯದರಲ್ಲಿ ಎಷ್ಟು ಚೆನ್ನಾಗಿ ಓಡಿಸುತ್ತಿದ್ದಳು! ಇದರಲ್ಲಿ ಏನಾಗಿದೆಯೋ. ಬ್ರೇಕ್ ಜೋರಾಗಿ ಒತ್ತು ಅಂದರೆ ಒತ್ತುತ್ತಾಳೆ, ಅರ್ಧಕ್ಕೆ ಕಾಲು ಬಿಟ್ಟುಹೋಗುತ್ತದೆ. ನಾನು ನನ್ನದನ್ನು ಒತ್ತಬೇಕಾಯಿತು.

"ಹಿಂದಕ್ಕೆ ಹೋದ ಹಾಗಾಗತ್ತೆ ಕಣೇ."

"ಕಾರು ನಿಲ್ಲೋವಾಗ ಎಲ್ರಿಗೂ ಹಾಗೇ ಆಗತ್ತೆ. ಕಾಲು ಬಿಡ್ಬೇಡ."

ಮಾರ್ಚ್ 10

ಮತ್ತೆ ಅದೇ. ಮೂರು ಸಲ. ಸೀಟು ಸರಿಯಾಗಿ ಮುಂದೆ ಎಳೆದುಕೊಳ್ಳದೆ ಕೂರುತ್ತಾಳೆ, ಆಮೇಲೆ ಕಾಲು ಎಟುಕುವುದಿಲ್ಲ ಅನ್ನುತ್ತಾಳೆ. ಎಳೆದುಕೊಂಡೆ ಅಂತಾಳೆ. ಎಳೆದುಕೊಂಡರೆ ಎಲ್ಲಿ ಹೋಯಿತು? ಉಗುರುರಾಯ, ಆ ತೆಂಗಿನಮರದಷ್ಟು ಎತ್ತರದವನು, ಇದೇ ಕಾರನ್ನು ಗಲಾಟೆಯಿಲ್ಲದೆ ನಿಲ್ಲಿಸುತ್ತಾನೆ. ಸೀಟು ಪೂರ್ತಿ ಹಿಂದಿಟ್ಟುಕೊಂಡು, ಕಾಲು ಚಾಚಿ, ರಾಜನ ಹಾಗೆ. ಅಂದ ಮೇಲೆ ತಪ್ಪು ಕಾರಿನದಲ್ಲ.

ಮಾರ್ಚ್ 11, ಸಂಜೆ

ತರಕಾರಿ ಗಾಡಿಯವನು ಅಡ್ಡ ಬಂದ. ಬ್ರೇಕ್ ಅಂದೆ. ಅಕ್ಕನ ಕಾಲು ಪೆಡಲ್ ಬಿಟ್ಟು ಗಾಳಿಯಲ್ಲಿತ್ತು. ಕಣ್ಣಾರೆ ನೋಡಿದೆ. ನಾನು ಒತ್ತಿದೆ, ಕಾರು ನಿಂತಿತು, ಗಾಡಿಯ ಚಕ್ರಕ್ಕೂ ನಮಗೂ ಒಂದು ಗೇಣು. ಅವನು ಬೈದ. ನಾನು ಅಕ್ಕನಿಗೆ ಬೈದೆ. ನಡುರಸ್ತೆಯಲ್ಲಿ, ಗಾಜು ಇಳಿಸಿದ ಕಾರಿನಲ್ಲಿ, ಬಾಯಿಗೆ ಬಂದ ಹಾಗೆ. ಕೊನೆಗೆ ಅಂದೆ…

"ನಿನ್ ಕೈಗೆ ಸೂಜಿನೇ ಸರಿ. ಬಿಟ್ಬಿಡು ಇದನ್ನ."

ಅಕ್ಕ ಕಾರು ಪಕ್ಕಕ್ಕೆ ಹಾಕಿದಳು, ಕೀಲಿ ಕೊಟ್ಟಳು, ಇಳಿದು ಬಸ್ ಸ್ಟಾಪಿನ ಕಡೆ ನಡೆದಳು. ಮಧ್ಯಾಹ್ನದ ಕ್ಲಾಸಿನ ಉದ್ದಕಾಲಿನ ಹುಡುಗಿಗೆ ಫೋನ್ ಮಾಡಿ, ಅವಳ ಕೈಲಿ ಓಡಿಸಿ ಮನೆಗೆ ಬಂದೆ. ದಾರಿಯುದ್ದಕ್ಕೂ ಬಾಯಲ್ಲಿ ಕಹಿ. ಭಾವನ ಮಾತು ನನ್ನ ಬಾಯಲ್ಲಿ ಬಂತಲ್ಲ. ಅವರ ಹಲ್ಲಿನ ಸಂದಿಯದ್ದನ್ನೇ ಅಗಿದ ಹಾಗಾಯಿತು.

ಮಾರ್ಚ್ 15

ಹಳೆಯ ಕಾರು ಹೋಯಿತು. ಅಕ್ಕ ಬಂದಿಲ್ಲ. ಫೋನ್ ಎತ್ತುವುದಿಲ್ಲ. ಮೆಸೇಜು ಒಂದೇ: "ಆ ಕೆಲಸ ಬೇರೆ ಯಾರಿಗಾದರೂ ಕೊಡಲಿ. ನೀನು ಬೇಜಾರು ಮಾಡಿಕೊಳ್ಳಬೇಡ." ಬೇಜಾರು ಮಾಡಿಕೊಳ್ಳಬಾರದವಳು ನಾನಂತೆ!

ಭಾವ ಮಾತ್ರ ತಾವಾಗಿ ಫೋನ್ ಮಾಡಿದರು. "ನಾನು ಮೊದ್ಲೇ ಹೇಳಿದ್ನಲ್ಲ." ದನಿಯಲ್ಲಿ ಹಬ್ಬ. ಕಟ್ ಮಾಡಿ ಫೋನನ್ನೇ ಒರೆಸಿದೆ.

ಮಾರ್ಚ್ 17, ಬೆಳಿಗ್ಗೆ 9

ಗೊತ್ತಾಯಿತು. ಅಯ್ಯೋ, ಗೊತ್ತಾಯಿತು.

ಎದುರು ಮನೆಗೆ ಮರಳಿನ ಲಾರಿ ಬಂತು. ಗೇಟಿನ ಬಳಿ ನಿಂತ ನನ್ನ ಕಾರು ತೆಗೆಯಿರಿ ಎಂದು ಒಂದೇ ಸಮನೆ ಹಾರ್ನ್. ಕಲಿಯುವವರು ಯಾರೂ ಬಂದಿರಲಿಲ್ಲ. ಗತಿಯಿಲ್ಲದೆ ಟವೆಲ್ ಹಾಸಿ ಆ ಸೀಟಿನಲ್ಲಿ ಕೂತೆ. ಇದೇ ಮೊದಲು. ನಾನೂ ಅಕ್ಕನೂ ಅಮ್ಮನ ಅಳತೆ, ಗಿಡ್ಡ. ಸೀಟು ಮುಂದಕ್ಕೆ ಎಳೆದೆ. ಕಾರು ಹಿಂದಕ್ಕೆ ಬಿಟ್ಟೆ. ಬ್ರೇಕ್ ಒತ್ತಿದೆ… ಸೀಟು ನನ್ನನ್ನು ಹೊತ್ತುಕೊಂಡು ಹಿಂದಕ್ಕೆ ಸರ್ರನೆ ಹೋಯಿತು. ಕಾಲು ಗಾಳಿಯಲ್ಲಿ. ಪಕ್ಕದಲ್ಲಿ ಒತ್ತಲು ಯಾರೂ ಇರಲಿಲ್ಲ. ನೀರಿನ ಡ್ರಮ್ಮಿಗೆ ಗುದ್ದಿ ನಿಂತಿತು.

ಅಕ್ಕ ಹೇಳಿದ್ದಳು. ಹಿಂದಕ್ಕೆ ಹೋದ ಹಾಗಾಗತ್ತೆ ಅಂತ ಮೊದಲ ದಿನವೇ ಹೇಳಿದ್ದಳು. ನಾನು ರಸ್ತೆ ನೋಡುತ್ತಿದ್ದೆ, ಅವಳ ಪಾದ ನೋಡುತ್ತಿದ್ದೆ. ಕೂತ ಸೀಟು ನೋಡಲಿಲ್ಲ. ಉಗುರುರಾಯನ ಸೀಟು, ಆ ಉದ್ದಕಾಲಿನ ಹುಡುಗಿಯ ಸೀಟು ಮೊದಲೇ ಕಟ್ಟಕಡೆಯಲ್ಲಿ, ಜಾರಲು ಜಾಗವೆಲ್ಲಿ?

ಡೀಲರಿಗೆ ಫೋನ್ ಮಾಡಿ ಹತ್ತು ನಿಮಿಷ ಉಸಿರು ಬಿಡದೆ ಬೈದೆ. "ಕೊಲೆ ಮಾಡೋ ಕಾರು ಕೊಟ್ಟಿದ್ದೀರಿ" ಅಂದೆ. ಅವನು ಬೆಣ್ಣೆ ಒರೆಸಿಕೊಂಡು, "ನೀವೇ ಕೂತು ನೋಡಿ ಒಪ್ಕೊಂಡಿದ್ದಲ್ವಾ ಮೇಡಂ?" ಎಂದ.

ಕೂತು. ಪಕ್ಕದ ಸೀಟಿನಲ್ಲಿ ಮಾತ್ರ. ಫೋನ್ ಇಟ್ಟೆ.

ಅದೇ ದಿನ, ರಾತ್ರಿ 8

ಅಕ್ಕನ ಆಸ್ಪತ್ರೆಯ ಗೇಟಿನಲ್ಲಿ ಕಾದೆ. ಬಂದಳು. ಕಣ್ಣು ತಪ್ಪಿಸಿ ಹೊರಟಳು. ಕೈ ಹಿಡಿದೆ. "ಸೀಟು ಜಾರತ್ತೆ ಅಕ್ಕಾ. ನಿನ್ ಕಾಲಲ್ಲ. ಡೀಲರ್ ಹಾಳು ಸೀಟು ಕೊಟ್ಟಿದ್ದಾನೆ."

ಅವಳು ಕೈ ಬಿಡಿಸಿಕೊಂಡು, "ತೋರ್ಸು" ಎಂದಳು.

ನನ್ನ ಮನೆಯ ಅಂಗಳಕ್ಕೆ ಬಂದು, ಯೂನಿಫಾರ್ಮಿನಲ್ಲೇ ಮಂಡಿಯೂರಿದಳು. ಸೀಟಿನ ಅಡಿಗೆ ಕೈ ಹಾಕಿದಳು, ಮೊಣಕೈವರೆಗೆ. ಅಲ್ಲಿ ಏನೇನಿದೆಯೋ! ನಾನಾಗಿದ್ದರೆ ಕೈಗವಸು, ಟಾರ್ಚು, ಉದ್ದನೆಯ ಕೋಲು. ಅವಳು ಕಣ್ಣು ಮುಚ್ಚಿ, ರೋಗಿಯ ನರ ಹುಡುಕುವ ಹಾಗೆ ತಡಕಿದಳು. ಒಂದು ಒಣಗಿದ ಮೊಟ್ಟೆ ಸಿಪ್ಪೆ ಹೊರಗಿಟ್ಟಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಆಮೇಲೆ ಜೋರಾಗಿ ಏನನ್ನೋ ಎಳೆದಳು.

ತಂತಿಯ ಕೊಕ್ಕೆ. ತುದಿಯಲ್ಲಿ ಕಪ್ಪು ಎಲಾಸ್ಟಿಕ್.

"ಸೀಟು ಹಿಡಿಯೋ ಕಂಬಿ ಬಾಯಲ್ಲಿ ಸಿಕ್ಕಿತ್ತು. ಅದಕ್ಕೇ ಲಾಕ್ ಆಗ್ತಿರ್ಲಿಲ್ಲ." ಕೊಕ್ಕೆಯನ್ನು ಬೆಳಕಿಗೆ ಹಿಡಿದಳು. "ಇದು ಡೀಲರದ್ದಲ್ಲ ಕಣೇ."

ಅಲ್ಲ. ನಾನೇ ನಿಂತು ಹಾಕಿಸಿದ್ದು. ಇನ್ನೂ ಬಿಗಿ ಎಂದು ಹೇಳಿ ಹಾಕಿಸಿದ ಆ ಇನ್ನೊಂದು.

"ಕಾಲುಚೀಲದವನು ಚಾ ಚೆಲ್ಲಿದ, ಅಷ್ಟೇ," ಎಂದಳು ಅಕ್ಕ. ದನಿ ಏರಲಿಲ್ಲ, ಏರಿದ್ದರೆ ಚೆನ್ನಾಗಿತ್ತು. "ನಾನು ದಿನಾ ಏನೇನು ತೊಳೀತೀನಿ ಗೊತ್ತಾ ನಿಂಗೆ? ಒಂದು ಕಲೆ ನೋಡಕ್ಕಾಗ್ದೆ ನನ್ನ ಕೊಲ್ತಿದ್ದೆ. ಕೊಂದ್ರೆ ಕೊಲ್ಲು. ನನ್ನ ಕಾಲು ಸರಿಯಿಲ್ಲ ಅಂತ ನಾನೇ ನಂಬೋ ಹಾಗೆ ಮಾಡಿದ್ಯಲ್ಲೇ."

ಅಳು ಬಂತು. ಇಬ್ಬರಿಗೂ. ನನ್ನ ಮೇಲೆ ನನಗೆ ಬಂದ ಹೇಸಿಗೆಯ ಮುಂದೆ ಆ ಮೊಟ್ಟೆ, ಪಾದ, ಸಿಗರೇಟು ಯಾವ ಲೆಕ್ಕ? ಇದನ್ನು ಒರೆಸಲು ಬಟ್ಟೆಯಿಲ್ಲ.

ಅಕ್ಕ ಎದ್ದು ಕವರನ್ನು ಎರಡೂ ಕೈಯಿಂದ ಹರಿದು ಕಿತ್ತು ಬಿಸಾಕಿದಳು. ಕಲೆ ಅಲ್ಲೇ ಇತ್ತು. ಅದರ ಮೇಲೆ ಕೂತಳು. ಸೀಟು ಎಳೆದಳು. ಟಕ್. ಬ್ರೇಕ್ ಒತ್ತಿದಳು. ಅಲ್ಲಾಡಲಿಲ್ಲ.

"ಹತ್ತು," ಎಂದಳು. ನನ್ನ ಜಾಗಕ್ಕೆ ಹತ್ತಿ ಕೂತೆ. ಕತ್ತಲಾಗುವವರೆಗೆ ಓಡಿಸಿದಳು.

ಮಾರ್ಚ್ 18

ಡೀಲರಿಗೆ ಫೋನ್ ಮಾಡಿ ತಪ್ಪು ನನ್ನದು ಅಂದೆ. "ಪರವಾಗಿಲ್ಲ ಬಿಡಿ ಮೇಡಂ" — ಮತ್ತೆ ಬೆಣ್ಣೆ. ಸಹಿಸಿಕೊಂಡೆ. ಕ್ಷಮೆ ಕೇಳುವವರು ಬೆಣ್ಣೆಯ ಬ್ರ್ಯಾಂಡ್ ನೋಡುವಂತಿಲ್ಲ.

ಅಕ್ಕ ಬೆಳಿಗ್ಗೆಯೂ ಬಂದಳು, ಸಂಜೆಯೂ ಬಂದಳು. "ಕ್ಲಚ್", "ಗೇರ್", "ಹೂಂ" ಇಷ್ಟೇ ಮಾತು.

ಮಾರ್ಚ್ 20, ಬೆಳಿಗ್ಗೆ 10

ಟೆಸ್ಟ್ ಮೈದಾನ. ನನಗೆ ಒಳಗೆ ಪ್ರವೇಶವಿಲ್ಲ, ಬೇಲಿಯ ಈಚೆ ಕಲ್ಲುಬೆಂಚು. ಬೆಂಚಿನ ಮೇಲೆ ಯಾರದೋ ಚೂಯಿಂಗ್ ಗಮ್ಮು. ಪಕ್ಕದಲ್ಲೇ ಕೂತಿದ್ದೇನೆ, ಕೂತು ಬರೆಯುತ್ತಿದ್ದೇನೆ. ಬರೆಯದಿದ್ದರೆ ಉಗುರು ಕಚ್ಚುತ್ತೇನೆ.

ನನ್ನ ಸೀಟಿನಲ್ಲಿ ಇನ್ಸ್‌ಪೆಕ್ಟರ್. ಭಾವನೂ ಬಂದಿದ್ದಾರೆ, "ನೋಡೋಣ ಅಂತ". ಮರದ ಕೆಳಗೆ ನಿಂತು ಹಲ್ಲುಕಡ್ಡಿ ಆಡಿಸುತ್ತಿದ್ದಾರೆ. ನೋಡಲಿ.

ಹೊರಟಳು. ತಿರುವು ಸರಿ. ಹಿಂದಕ್ಕೆ ಹಾಕುವುದು… ಸರಿ. ಈಗ ಏರು. ಅರ್ಧದಲ್ಲಿ ನಿಲ್ಲಿಸಬೇಕು. ನಿಲ್ಲಿಸಿದಳು. ನನ್ನ ಕಾಲು ಇಲ್ಲಿ ನೆಲ ಒತ್ತುತ್ತಿದೆ, ಚಪ್ಪಲಿ ಮಣ್ಣಿಗಿಳಿದಿದೆ. ಕಾರು ಕೂದಲೆಳೆಯಷ್ಟೂ ಹಿಂದೆ ಬರಲಿಲ್ಲ. ಹತ್ತಿದಳು! ಭಾವನ ಹಲ್ಲುಕಡ್ಡಿ ನಿಂತಿತು.

ಇನ್ಸ್‌ಪೆಕ್ಟರ್ ಇಳಿದರು. ಏನೋ ಹೇಳುತ್ತಿದ್ದಾರೆ, ತಲೆಯಾಡಿಸುತ್ತಿದ್ದಾರೆ, ಮೇಲೆ ಕೆಳಗೆ. ಪಾಸು. ಅಕ್ಕ ಇಳಿಯಲಿಲ್ಲ. ಕಾರು ಬೇಲಿಯ ಬಾಗಿಲಿಗೆ ಬರುತ್ತಿದೆ, ಅವಳೊಬ್ಬಳೇ ಒಳಗೆ. ಪಕ್ಕದ ಬ್ರೇಕಿನ ಹತ್ತಿರ ಯಾರೂ ಇಲ್ಲ.

ಭಾವನ ಮುಂದೆಯೇ ಹಾದುಬಂದಳು. ಅವರು ಕೈ ಎತ್ತಿದರು. ನಿಲ್ಲಿಸಲಿಲ್ಲ.

ನನ್ನ ಮುಂದೆ ನಿಲ್ಲಿಸಿದಳು. ಗಾಜು ಇಳಿಸಿ ನೋಡುತ್ತಿದ್ದಾಳೆ. ನಗುತ್ತಿಲ್ಲ ಇನ್ನೂ. ಹಾರ್ನ್ ಹೊಡೆದಳು. ಸುಮ್ಮಸುಮ್ಮನೆ ಹಾರ್ನ್ ಹೊಡೀಬೇಡ ಎಂದು ಎಷ್ಟು ಸಲ ಹೇಳಿದ್ದೇನೆ. ಮತ್ತೆ ಹೊಡೆದಳು. ಹಿಂದಿನ ಬಾಗಿಲು ತೋರಿಸುತ್ತಿದ್ದಾಳೆ. ಹಿಂದೆ ಕೂರಬೇಕಂತೆ ನಾನು, ಬ್ರೇಕ್ ಇಲ್ಲದ ಕಡೆ.

ಬಂದೆ ಅಕ್ಕಾ, ಬಂ—