ಒಂದೇ ಹೆಬ್ಬೆಟ್ಟು, ಎರಡು ಹೆಸರು

ಬೆಟ್ಟದ ಪೋಡು, ಯಳಂದೂರು ತಾಲ್ಲೂಕು
12 ಜನವರಿ 2025, ಭಾನುವಾರ

ಪ್ರೀತಿಯ ಬಿಳಿಗಿರಿ ಅಣ್ಣನಿಗೆ,

ನಿನ್ನ ತಂಗಿ ಕುಸುಮಳ ನಮಸ್ಕಾರ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಕೊಡಗಿನ ಚಳಿ ಹೇಗಿದೆ? ಎಸ್ಟೇಟಿನ ಲೈನ್ ಮನೆಯಲ್ಲಿ ಹೊದೆಯಲು ಏನಾದರೂ ಕೊಟ್ಟಿದ್ದಾರೋ, ಅವ್ವ ಕಟ್ಟಿಕೊಟ್ಟ ಆ ಒಂದೇ ಕಂಬಳಿಯಲ್ಲಿ ಕಾಲ ಹಾಕುತ್ತಿದ್ದೀಯೋ? ಮೊಣಕಾಲು ನೋವು ಕಮ್ಮಿಯಾಯಿತೇ? ಹೋದ ವಾರ ಫೋನಿನಲ್ಲಿ ಕೇಳಿದ್ದಕ್ಕೆ ನೀನು ಮಾತು ತೇಲಿಸಿಬಿಟ್ಟೆ. ತೇಲಿಸಿದ್ದು ಅವ್ವನಿಗೂ ಗೊತ್ತಾಗಿದೆ, ಮೂರು ದಿನದಿಂದ ಅದನ್ನೇ ಕೇಳುತ್ತಿದ್ದಾಳೆ. ಈ ಕಾಲದಲ್ಲಿ ಪತ್ರ ಯಾರು ಬರೆಯುತ್ತಾರೆ ಎಂದು ನಗಬೇಡ. ನಿಮ್ಮ ಎಸ್ಟೇಟಿನಲ್ಲಿ ಸಿಗ್ನಲ್ ಸಿಗುವುದು ಕಾಫಿ ಒಣಗಿಸುವ ಕಣದ ಹತ್ತಿರ ಮಾತ್ರ, ಅಲ್ಲಿ ಯಾವಾಗಲೂ ಹತ್ತು ಜನ ಇರುತ್ತಾರೆ. ಇದು ನಿನ್ನೊಬ್ಬನಿಗೆ ಹೇಳಬೇಕಾದ ವಿಷಯ.

ನೀನು ನನ್ನನ್ನು ಪೇಪರ್ ಡಾಕ್ಟ್ರು ಎಂದು ರೇಗಿಸಿ ಹೋದೆಯಲ್ಲ, ಆ ಕೆಲಸದ ಕಥೆಯೇ ಇದು. ನಮ್ಮ ಜನರಲ್ಲಿ ಅಪ್ಪ ಅವ್ವನಿಂದ ಮಕ್ಕಳಿಗೆ ಬರುವ, ಕೈಕಾಲಿನ ಕೀಲು ಹಿಡಿದು ನೋಯಿಸುವ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯ ಬಗ್ಗೆ ವಿಶ್ವವಿದ್ಯಾಲಯದ ಡಾಕ್ಟರುಗಳು ಸಂಶೋಧನೆ ಮಾಡುತ್ತಿರುವುದು ನಿನಗೆ ಗೊತ್ತೇ ಇದೆ. ಆದರೆ ಆ ಡಾಕ್ಟರುಗಳ ಹಿಂದೆ ಇನ್ನೊಂದು ಆಫೀಸಿದೆ, ಸಂಶೋಧನಾ ನೆರವು ಕೇಂದ್ರ ಅಂತ. ಅವರು ಸಂಶೋಧನೆ ಮಾಡುವುದಿಲ್ಲ. ಮಾಡುವವರು ಸರಿಯಾಗಿ ಮಾಡುತ್ತಿದ್ದಾರೆಯೇ ಎಂದು ನೋಡುವುದು, ಒಪ್ಪಿಗೆ ಪತ್ರವನ್ನು ನಮಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಡುವುದು, ಮನೆಮನೆಗೆ ಹೋಗಿ ಒಪ್ಪಿಗೆ ಬರೆಸಿಕೊಳ್ಳುವ ನಮ್ಮಂಥವರಿಗೆ ತರಬೇತಿ ಕೊಡುವುದು, ಜನರ ದೂರು ಕೇಳುವುದು, ಅವರಿಗೆ ಇಷ್ಟೇ ಕೆಲಸ. ಕಾಡಿನ ನಡುವೆ ಹತ್ತಾರು ಗುಡಿಸಲಿನ ನಮ್ಮ ಪೋಡಿನ ಒಬ್ಬ ಮುದುಕಿಗೆ ವಿಷಯ ಅರ್ಥವಾಯಿತೋ ಇಲ್ಲವೋ ಎಂದು ನೋಡಲು ಒಂದು ಆಫೀಸೇ ಇರುತ್ತದೆ ಎಂದು ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ ಅಣ್ಣ.

ಕೊಳ್ಳೇಗಾಲದಲ್ಲಿ ನಾಲ್ಕು ದಿನ ತರಬೇತಿ ಕೊಟ್ಟವರು ಆ ಆಫೀಸಿನ ನಾಗಶ್ರೀ ಮೇಡಂ. ಒಬ್ಬರು ಡಾಕ್ಟರ ಕಡೆಯವರಾಗಿ, ಒಬ್ಬರು ಹಳ್ಳಿಯವರಾಗಿ ಎದುರುಬದುರು ಕೂತು ಮಾತಾಡಿಸುವುದು ಕಲಿಸಿದರು. ನನ್ನ ಜೊತೆ ಕಲಿಯಲು ಬಂದಿದ್ದ ಮಾರ್ಟಳ್ಳಿಯ ಪರಮೇಶ ಹಳ್ಳಿಯವನಾಗಿ ಕೂತು, ಹೇಳಿದ್ದಕ್ಕೆಲ್ಲ ಆಯ್ತು ಆಯ್ತು ಎಂದು ತಲೆಯಾಡಿಸಿದ. ಯಾವುದಕ್ಕೆ ಒಪ್ಪಿದಿರಿ, ನಿಮ್ಮ ಮಾತಿನಲ್ಲಿ ಹೇಳಿ ಎಂದರು ಮೇಡಂ. “ಗೊತ್ತಿಲ್ಲ ಮೇಡಂ, ದೊಡ್ಡೋರು ನೀವು ಕೇಳುದ್ರಿ, ಅದ್ಕೇ ಊಂ ಅಂದೆ” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆಮೇಲೆ ನಗು ನಿಂತುಹೋಯಿತು. ನಮ್ಮ ಚಿಕ್ಕ ತಂಗಿ ಚಂದ್ರಿಯನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗಲೆಲ್ಲ ಅಪ್ಪ ಹೇಳುತ್ತಿದ್ದದ್ದೂ ಅದೇ ಆಯ್ತು ಸಾ, ಆಯ್ತು ಸಾ. ಅವಳಿಗೂ ಒಂದು ಚಳಿಗಾಲದಲ್ಲಿ ಮೊದಲು ನೋವು ಬಂದದ್ದು ಮೊಣಕಾಲಿಗೇ. ಯಾರೋ ಕ್ಯಾಂಪಿನವರು ಬಂದು ಅವಳ ರಕ್ತ ತೆಗೆದುಕೊಂಡು ಹೋದರು, ತಿರುಗಿ ಬರಲಿಲ್ಲ. ಹನ್ನೊಂದು ವರ್ಷಕ್ಕೆ ಅವಳು ಹೋದಳು. ಯಾಕೆ ಹೋದಳು ಎಂದು ಇವತ್ತಿಗೂ ನಮಗೆ ಯಾರೂ ಹೇಳಿಲ್ಲ.

ಇಷ್ಟೆಲ್ಲ ಕಲಿತು ಬಂದು ನಾನು ಮಾಡಿದ ಘನಕಾರ್ಯ ಕೇಳು. ಡಿಸೆಂಬರಿನಲ್ಲಿ ಮೊದಲು ನಮ್ಮ ಪೋಡಿಗೇ ಬಂದೆವಲ್ಲ, ನೀನು ಕೊಡಗಿಗೆ ಹೊರಟ ದಿನ. ತಾತ ಎಲ್ಲರನ್ನೂ ಕೂರಿಸಿ, “ನಮ್ ಮಗೀನ ಕೆಲ್ಸ ಕಣ್ರಪ್ಪ, ಎಲ್ರೂ ಕೊಡಿ” ಎಂದುಬಿಟ್ಟ. ಪೋಡಿನ ಯಜಮಾನನಾಗಿ ತಾತ ಮಾತು ಕೊಟ್ಟ ಮೇಲೆ ಮತ್ತೆ ಮನೆಮನೆಗೆ ಹೋಗಿ ನಿಮಗೆ ಒಪ್ಪಿಗೆಯೇ ಎಂದು ಕೇಳಿದರೆ, ಅವನ ಮಾತು ಸಾಲದು ಎಂದ ಹಾಗೆ. ಕೇಳಲು ನನಗೆ ಬಾಯಿ ಬರಲಿಲ್ಲ. ಎಲ್ಲರಿಗೂ ಒಟ್ಟಿಗೆ ಒಂದು ಸಲ ಓದಿದೆ. ಸಾಲಾಗಿ ಬಂದು ಹೆಬ್ಬೆಟ್ಟು ಒತ್ತಿದರು, ನರ್ಸ್ ರಕ್ತ ತೆಗೆದರು. ನೀನು ರಕ್ತ ಕೊಟ್ಟವನೇ ಜೀಪಿಗೆ ಗಂಟುಮೂಟೆ ಏರಿಸಲು ಓಡಿದೆ. ನಿನ್ನ ಕಾಗದ ಖಾಲಿ ಉಳಿಯಿತು. ಮೊಮ್ಮಗನದು ತಾನೇ ಎಂದು ತಾತ ತನ್ನ ಹೆಬ್ಬೆಟ್ಟನ್ನೇ ಒತ್ತಿದ. ನಾನು ನೋಡಿಕೊಂಡು ಸುಮ್ಮನಿದ್ದೆ.

ಆ ವಾರವೇ ಕಾಗದಗಳನ್ನು ತಪಾಸಣೆ ಮಾಡಿದ ನಾಗಶ್ರೀ ಮೇಡಂ ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟರು. ತಾತನ ಹೆಬ್ಬೆರಳಿನ ಮೇಲೆ ಜೇನು ಕೊಯ್ಯುವಾಗ ಆದ ಗಾಯದ ಗೆರೆ ಇದೆಯಲ್ಲ, ಅದು ಎರಡರಲ್ಲೂ ಇತ್ತು. “ಬಿಳಿಗಿರಿ ಒಂಬತ್ತನೇ ಕ್ಲಾಸ್ ಓದಿದ್ದಾರೆ ಅಂತ ನೀನೇ ಬರೆದಿದ್ದೀಯಲ್ಲಮ್ಮ, ಅವರು ಸಹಿ ಹಾಕದೆ ಯಾಕೆ ಹೆಬ್ಬೆಟ್ಟು ಒತ್ತಿದರು?” ಎಂದು ಕೇಳಿದರು. ನಾನು ಇದ್ದದ್ದನ್ನೆಲ್ಲ ಒಪ್ಪಿಕೊಂಡು ಅತ್ತುಬಿಟ್ಟೆ. ಕೆಲಸ ಹೋಯಿತು ಎಂದೇ ಅಂದುಕೊಂಡೆ. ಅವರು ನೀರು ಕೊಟ್ಟು ಕೂರಿಸಿ, ಈ ತಪ್ಪು ನಿನ್ನೊಬ್ಬಳದಲ್ಲ, ಯಜಮಾನರು ಇರುವ ಕಡೆ ಹೇಗೆ ಕೇಳಬೇಕು ಎಂದು ನಾವೂ ಕಲಿಸಲಿಲ್ಲ ಎಂದರು. ಅಷ್ಟು ಓದಿದವರು ನನ್ನೆದುರು ಹಾಗೆ ತಪ್ಪು ಒಪ್ಪಿಕೊಂಡರು ಅಣ್ಣ.

ಆಮೇಲೆ ವಿಷಯ, ಸಂಶೋಧನೆಯಿಂದ ಜನರಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವ ಸಮಿತಿಗೆ ಹೋಯಿತು. ಅದರಲ್ಲಿ ಡಾಕ್ಟರಲ್ಲದವರೂ ಇದ್ದಾರೆ, ಹನೂರಿನ ಶಾಂತಮೂರ್ತಿ ಎಂಬ ರಿಟೈರ್ಡ್ ಮೇಷ್ಟ್ರು ಒಬ್ಬರು. ತೆಗೆದ ರಕ್ತದ ಒಂದು ಟ್ಯೂಬನ್ನೂ ಪರೀಕ್ಷೆಗೆ ಹಾಕಬಾರದು, ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಮತ್ತೆ ಕೇಳಬೇಕು, ಬೇಡ ಎಂದವರ ರಕ್ತವನ್ನು ನಾಶಮಾಡಬೇಕು ಎಂದು ತೀರ್ಮಾನವಾಯಿತು. ಮೇಡಂ ತಾವೇ ಬೆಟ್ಟ ಹತ್ತಿ ಬಂದರು. ಮೊದಲು ತಾತನ ಹತ್ತಿರ ಹೋಗಿ ನೆಲದ ಮೇಲೆ ಕೂತರು. ತಾತ ಮುಖ ತಿರುಗಿಸಿ, “ನನ್ ಮಾತು ಸಾಲ್ದಾಯ್ತಾ ತಾಯಿ?” ಎಂದ. ಅವನ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ. ಮೇಡಂ ಹೇಳಿದರು, “ಪೋಡಿನೊಳಗೆ ಬರೋದಕ್ಕೆ ನಿಮ್ಮ ಒಪ್ಪಿಗೆ ಬೇಕೇ ಬೇಕು ಅಜ್ಜ, ನೀವು ಬೇಡ ಅಂದಿದ್ರೆ ನಾವು ಬರ್ತಾನೇ ಇರಲಿಲ್ಲ. ಆದ್ರೆ ಒಬ್ಬರ ಮೈಗೆ ಸೂಜಿ ಚುಚ್ಚೋದಕ್ಕೆ ಅವರದೇ ಒಪ್ಪಿಗೆ ಬೇಕು.” ತಾತ ಎದ್ದು, ಜನರು ತನ್ನ ಮುಖ ನೋಡಿ ಉತ್ತರ ಹೇಳದಿರಲಿ ಎಂದು ತಾನಾಗಿಯೇ ಹೊಳೆ ಕಡೆಗೆ ಹೊರಟುಹೋದ.

ಮೊದಲು ಬೇಡ ಎಂದವಳು ಯಾರು ಗೊತ್ತೇ? ನಮ್ಮ ಅಜ್ಜಿ ದೊಡ್ಡಮಾದಮ್ಮ. ಐವತ್ತು ವರ್ಷ ತಾತನ ಮಾತಿಗೆ ತಲೆಯಾಡಿಸಿದವಳು! “ನಮ್ ಚಂದ್ರಿ ರಕ್ತ ಎಲ್ಲಯ್ತೆ, ಅದ ಹೇಳಿ ಮೊದ್ಲು” ಎಂದಳು. ಮೇಡಂ ನಮಗೆ ಸಂಬಂಧವಿಲ್ಲ ಎನ್ನಲಿಲ್ಲ. ನನಗೆ ಗೊತ್ತಿಲ್ಲ ಎಂದರು, ದೂರಿನ ಪುಸ್ತಕದಲ್ಲಿ ಅಜ್ಜಿಯ ಮಾತನ್ನು ಅವಳು ಆಡಿದ ಹಾಗೆಯೇ ಬರೆದು ಓದಿ ಹೇಳಿದರು. ಮರುದಿನ ಜೀಪು ಬಂತು. ಅಜ್ಜಿಯನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ ಅವಳ ಟ್ಯೂಬನ್ನು ತೋರಿಸಿ, ಅವಳ ಕಣ್ಣೆದುರಿಗೇ ಬಿಸಿ ಆವಿಯ ಯಂತ್ರಕ್ಕೆ ಹಾಕಿದರು. ಬಿಳಿ ಕೋಟಿನ ಇಬ್ಬರು ದೊಡ್ಡ ಡಾಕ್ಟರುಗಳು ನಿಂತಿದ್ದರು, ಅಜ್ಜಿ ಮಾತ್ರ ಕುರ್ಚಿಯಲ್ಲಿ ಕೂತಿದ್ದಳು. ಆ ಒಂದು ಚಮಚ ರಕ್ತಕ್ಕೆ, ಓದು ಬರಹ ಬಾರದ ಒಬ್ಬಳ ಬ್ಯಾಡ ಎನ್ನುವ ಮಾತಿಗೆ, ಇಷ್ಟು ಬೆಲೆ ಇದೆಯೇ ಎಂದು ನನಗೆ ಮೈ ಜುಮ್ಮೆಂದಿತು. ಈಗ ನೆನೆಸಿಕೊಂಡರೂ ಹಾಗೇ ಆಗುತ್ತದೆ.

ಅಜ್ಜಿ ಮನಸ್ಸು ಬದಲಾಯಿಸಿಲ್ಲ. ಆದರೆ ಬ್ಯಾಡ ಅಂದರೆ ಬ್ಯಾಡ ಅಂತಲೇ ಬರೆದುಕೊಳ್ಳುತ್ತಾರೆ ಎಂದು ಪೋಡಿಗೆಲ್ಲ ಹೇಳಿದ್ದಾಳೆ. ಅದನ್ನು ಕೇಳಿದ ಮೇಲೆ ಜನ ಗುಡಿಸಲ ಬಾಗಿಲಲ್ಲಿ ಕೂತು ನನ್ನನ್ನೇ ಪ್ರಶ್ನೆ ಕೇಳುತ್ತಾರೆ, ಕೇಳಿ ಕೇಳಿ ಸುಸ್ತು ಮಾಡುತ್ತಾರೆ. ಐದು ಮಂದಿ ಬೇಡ ಎಂದರು, ಉಳಿದವರು ಒಪ್ಪಿದರು. ಅವ್ವನೂ ಒಪ್ಪಿದಳು. ತಾತ ಕೊನೆಗೆ ಬಂದು, ತನ್ನ ಹೆಸರಿನ ಮುಂದೆ ಮಾತ್ರ ಹೆಬ್ಬೆಟ್ಟು ಒತ್ತಿದ.

ಊಟ ಬಿಡಬೇಡ, ಬೆಳಗಿನ ಇಬ್ಬನಿಯಲ್ಲಿ ಬರಿಗಾಲಲ್ಲಿ ಓಡಾಡಬೇಡ. ತಾತ ಅಜ್ಜಿಯ ಆಶೀರ್ವಾದ, ಅಪ್ಪ ಅವ್ವನ ಅಕ್ಕರೆ ಎಲ್ಲ ಈ ಕಾಗದದಲ್ಲೇ ಇದೆ.

ನಿನ್ನ ಪೇಪರ್ ಡಾಕ್ಟ್ರು,
ಕುಸುಮ

ಮರೆತ ಮಾತು: ಜೀಪು ಕಾಯುತ್ತಿದೆ, ಬೇಗ ಬರೆಯುತ್ತೇನೆ. ನಿನ್ನ ಟ್ಯೂಬ್ ಇನ್ನೂ ಫ್ರಿಜ್ಜಿನಲ್ಲಿದೆ, ಯಾರೂ ಮುಟ್ಟಿಲ್ಲ, ನಿನ್ನ ಉತ್ತರಕ್ಕೆ ಕಾಯುತ್ತಿದೆ. ಇದರ ಜೊತೆ ಒಪ್ಪಿಗೆ ಪತ್ರ ಮತ್ತು ಸ್ಟಾಂಪು ಹಚ್ಚಿದ ಕವರು ಇಟ್ಟಿದ್ದೇನೆ. ನೀನೇ ಓದು. ಒಪ್ಪಿಗೆ ಎಂದೋ ಇಲ್ಲ ಎಂದೋ, ನಿನ್ನದೇ ಸಹಿ ಹಾಕಿ ತಿಂಗಳ ಕೊನೆಯೊಳಗೆ ಕಳಿಸು. ಇಲ್ಲ ಎಂದರೂ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಈ ಹಾಳೆಯ ಕೆಳಗೆ ಎರಡು ಸಾಲು ಕಪ್ಪಗೆ ಹೊಡೆದುಹಾಕಿದ್ದೇನೆ, ಬೆಳಕಿಗೆ ಹಿಡಿದು ಓದಬೇಡ. ಒಪ್ಪಿಕೋ ಅಣ್ಣ ಎಂದು ತಂಗಿಯಾಗಿ ಬೇಡಿಕೊಂಡಿದ್ದೆ. ಹಾಗೆ ಬೇಡಿಕೊಳ್ಳುವುದೂ ಒತ್ತಾಯವೇ, ಅದಕ್ಕೇ ಹೊಡೆದೆ. ಆದರೆ ಮೊಣಕಾಲು ನೋವಿಗೆ ಅಲ್ಲಿಯ ಸರ್ಕಾರಿ ಆಸ್ಪತ್ರೆಗೆ ತೋರಿಸಿಕೋ, ಈ ವಾರವೇ. ಚಂದ್ರಿಯ ವಿಷಯವನ್ನೂ ಡಾಕ್ಟರಿಗೆ ಹೇಳು. ಇದು ಸಂಶೋಧನೆಯಲ್ಲ. ಇದನ್ನು ಹೇಳಲು ನನಗೆ ಯಾರ ಒಪ್ಪಿಗೆಯೂ ಬೇಡ, ನಿನ್ನದೂ ಬೇಡ.