ಅಪ್ಪನ ಬೆರಳಿಗೆ ಗೊತ್ತಿದ್ದ ಸರದಿ

ಮನೆ, ಮುಂದಿನ ಕೋಣೆ
ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಆಸ್ಪತ್ರೆಯ ರೋಗಿಗಳನ್ನೆಲ್ಲ "ಮಲಗಿ, ಏಳಬೇಡಿ" ಎಂದು ಗದರಿಸುವ ನೀನು ನಿನ್ನ ಕಾಲಿಗೆ ಮಾತ್ರ ಒಂದು ದಿನ ರಜೆ ಕೊಡುವವಳಲ್ಲ. ಭಾವ ಆರಾಮವಾಗಿದ್ದಾರೆಂದು ನಂಬಿದ್ದೇನೆ. ಫೋನ್ ಇರುವಾಗ ಇವನಿಗೇಕೆ ಕಾಗದದ ಹುಚ್ಚು ಎಂದು ನಗಬೇಡ. ಫೋನ್ ಎತ್ತಿದರೆ ಅಪ್ಪ ಪಕ್ಕದಲ್ಲೇ ಬಂದು ಕೂರುತ್ತಾರೆ. ಇದನ್ನು ಅವರೆದುರು ಹೇಳುವ ಧೈರ್ಯ ನನಗಿಲ್ಲ.

ಅಮ್ಮನ ಕ್ಯಾಸೆಟ್‌ಗಳು ನಿನಗೆ ಗೊತ್ತೇ ಇವೆ. ಒಂದೇ ಮಧ್ಯಾಹ್ನ ಕೂತು ಹಾಡಿದ ಇಪ್ಪತ್ತೆರಡು ಹಾಡು, ಜೊತೆಗೆ ಅಪ್ಪನ ಹಾರ್ಮೋನಿಯಂ. ಅಮ್ಮ ಹೋದ ಮೇಲೂ ಅಪ್ಪ ದಿನಾ ಸಂಜೆ ಟೇಪ್‌ರೆಕಾರ್ಡರ್ ಹಾಕಿಕೊಂಡು ಅವಳ ಜೊತೆ ನುಡಿಸುತ್ತಿದ್ದರಲ್ಲ. ಟೇಪು ಸವೆದು ಅಮ್ಮನ ದನಿ ಎಳೆಯತೊಡಗಿತ್ತು. ನಾಲ್ಕು ತಿಂಗಳ ಹಿಂದೆ ನಾನೇ ಮುಂದೆ ಬಿದ್ದು ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದೆ. ಹಾಡಿಗೊಂದು ಫೈಲು, ಫೈಲಿಗೊಂದು ನಂಬರು, 1ರಿಂದ 22ರವರೆಗೆ. ವೈಫೈಯಲ್ಲಿ ಹಾಡುವ ಸ್ಪೀಕರ್ ಒಂದನ್ನು ತಂದು ಹಾಲ್‌ನಲ್ಲಿಟ್ಟೆ. ಟೇಪ್‌ರೆಕಾರ್ಡರ್, ಕ್ಯಾಸೆಟ್ ಎಲ್ಲವನ್ನೂ ಗುಜರಿಗೆ ಹಾಕಿ, ಭಾರಿ ಘನಕಾರ್ಯ ಮಾಡಿದವನಂತೆ ಬೀಗಿದೆ.

ಮೊದಲ ವಾರವೇ ಅಪ್ಪ ಅಂದರು, "ಇದಾದ ಮೇಲೆ ಇದಲ್ಲ ಕಣೋ ಬರೋದು." ನಾನು ಕಂಪ್ಯೂಟರ್ ತೆರೆದು, "ನೋಡಿ, ಒಂದು, ಎರಡು, ಮೂರು, ಎಲ್ಲಾ ಸರಿಯಾಗೇ ಇದೆ. ನಿಮಗೇ ಮರೆತುಹೋಗಿದೆ" ಅಂದೆ. ಕಣ್ಣು ಮಂಜಾದ ಮನುಷ್ಯನಿಗೆ ಪರದೆ ತೋರಿಸಿ ಬಾಯಿ ಮುಚ್ಚಿಸಿದೆ, ಅಕ್ಕಾ. ಎರಡು ಮೂರು ಸಲ ಹೇಳಿ ನೋಡಿದರು, ಆಮೇಲೆ ತಮಗೇ ಮರೆವೆಂದು ನಂಬಿಬಿಟ್ಟರು. ಬೆರಳು ಒಂದು ಹಾಡಿಗೆ ಹೋಗುವುದು, ಬರುವುದು ಇನ್ನೊಂದು. ಅರ್ಧಕ್ಕೇ ನಿಲ್ಲಿಸಿ ಕೂತುಬಿಡುತ್ತಿದ್ದರು. ಸಂಗೀತ ಶಾಲೆಯಲ್ಲಿ ಮಕ್ಕಳ ಹಾಡಿಗೆ ನುಡಿಸುವಾಗಲೂ ತಡವರಿಸತೊಡಗಿದರಂತೆ. ಅಪ್ಪನಿಗೆ ಮರೆವು ಶುರುವಾಗಿದೆ ಎಂದು ನಿನಗೆ ತಿಳಿಸಿದವನೂ ನಾನೇ. ನೀನು ಫೋನಿನಲ್ಲಿ ಅಳುತ್ತಾ "ಶಾಲೆ ಸಾಕು ಬಿಡಿ ಅಪ್ಪಾ" ಅಂದದ್ದು, ಅವರು ಒಪ್ಪಿದ್ದು, ಡಾಕ್ಟರು ನನ್ನ ಮಾತು ಕೇಳಿ ಮಾತ್ರೆ ಬರೆದದ್ದು, ಎಲ್ಲಾ ನನ್ನಿಂದಲೇ.

ಮೊನ್ನೆ ಗುರುವಾರ ಕಾಲು ಉಳುಕಿ ಮನೆಯಲ್ಲೇ ಇದ್ದೆ. ನಾಲ್ಕು ತಿಂಗಳಲ್ಲಿ ಮೊದಲ ಸಲ ಅಪ್ಪನ ಪಕ್ಕದಲ್ಲಿ ಕೂತು ಕೇಳಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಮೊದಲ ಹಾಡು ಮುಗಿಯಿತು. ಕೊನೆಯಲ್ಲಿ ಅಮ್ಮನ ಮಾತಿದೆ: "ರೀ, ಈಗ ದೋಣಿ ಹಾಡು. ಅವಸರ ಮಾಡ್ಬೇಡಿ." ಅಪ್ಪನ ಬೆರಳು ದೋಣಿ ಹಾಡಿಗೆ ಹೋಯಿತು. ಸ್ಪೀಕರಿನಿಂದ ಬಂದದ್ದು ಲಾಲಿ ಹಾಡು. ಅಪ್ಪ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. ಲಾಲಿ ಹಾಡು ಹತ್ತನೆಯದು! ಕಂಪ್ಯೂಟರ್ ಸರಿಯಾಗಿ ತೋರಿಸಿದರೂ ಈ ಸ್ಪೀಕರ್ ಮೊದಲ ಅಂಕಿ ನೋಡಿ ಸಾಲು ಹಿಡಿಯುತ್ತದೆ: 1 ಆದ ಮೇಲೆ 10, 11, ಹೀಗೆ 19 ಮುಗಿದ ಮೇಲೆ 2ರ ಸರದಿ. ಒಂದಂಕಿಯ ನಂಬರಿಗೆ ಮುಂದೊಂದು ಸೊನ್ನೆ ಹಾಕಿ 01, 02 ಎಂದು ಬರೆದಿದ್ದರೆ ಮುಗಿಯುತ್ತಿತ್ತು. ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಕಡತಗಳನ್ನು ನಂಬರಿನ ಪ್ರಕಾರ ಜೋಡಿಸುವ ಮಹಾಶಯ ನಾನು!

ಅಪ್ಪ ಸ್ನಾನಕ್ಕೆ ಹೋದಾಗ ಕಳ್ಳನ ಹಾಗೆ ಸರಿಮಾಡಿದೆ. ಮರುದಿನ ಅವರು ಇಪ್ಪತ್ತೆರಡೂ ಹಾಡನ್ನು ಒಂದು ಕಡೆಯೂ ತಡವರಿಸದೆ ನುಡಿಸಿದರು. ಮುಗಿಸಿ, "ಡಾಕ್ಟರ ಮಾತ್ರೆ ಕೆಲಸ ಮಾಡ್ತಿದೆ ಕಣೋ" ಎಂದರು. ಎಷ್ಟು ದಿನದ ಮೇಲೆ ನಕ್ಕಿದ್ದರು ಗೊತ್ತೇ? ನಾನು "ಹೌದಪ್ಪ" ಅಂದುಬಿಟ್ಟೆ. ಏನು ಮಾಡಲಿ, ನೀನೇ ಹೇಳು.

ಭಾವನಿಗೆ ನನ್ನ ನಮಸ್ಕಾರ. ನಿನ್ನ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ. ಬೈಯುವುದಿದ್ದರೆ ಹೊಟ್ಟೆ ತುಂಬ ಬೈದುಬಿಡು, ಕೇಳಿಸಿಕೊಳ್ಳುತ್ತೇನೆ.

ಇಂತಿ ನಿನ್ನ ತಮ್ಮ,
ಮೊಂಡ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಬಂದು, "ಅಕ್ಕನಿಗೆ ಏನು ಬರ್ದಿದ್ದೀಯ, ಓದು" ಎಂದರು. ಬೇರೆ ಏನಾದರೂ ಓದಬಹುದಿತ್ತು. ಆಗಲಿಲ್ಲ, ಇದ್ದದ್ದು ಇದ್ದ ಹಾಗೆ ಪೂರ್ತಿ ಓದಿದೆ. ಅಪ್ಪ ಬೈಯಲಿಲ್ಲ. "ಬೆಳಗ್ಗೆ ಎದ್ದ ತಕ್ಷಣ ನಿಮ್ಮಿಬ್ಬರ ಹೆಸರು ಹೇಳ್ಕೊಂಡು ನೋಡ್ತಿದ್ದೆ ಕಣೋ, ಇನ್ನೂ ನೆನಪಿದೆಯಾ ಅಂತ" ಎಂದರು. ನಾಳೆಯೇ ಶಾಲೆಗೆ ಹೋಗೋಣ ಬನ್ನಿ ಎಂದೆ. ಈಗಲೇ ಬೇಡವೆಂದು ತಲೆ ಆಡಿಸಿದರು. "ನನ್ನ ಸಮಾಧಾನಕ್ಕೆ ಓದಿದ್ಯೋ, ನಿಜವಾಗ್ಲೂ ಹಾಗೇ ಬರ್ದಿದ್ಯೋ, ನನಗೇನು ಕಾಣುತ್ತಾ? ಕಾಗದ ಕಳಿಸು. ಅಕ್ಕ ಓದಿ ಹೇಳಲಿ, ಆಮೇಲೆ ಹೋಗ್ತೀನಿ." ಅಕ್ಕಾ, ಇದು ಕೈಸೇರಿದ ಕೂಡಲೇ ಫೋನ್ ಮಾಡು. ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ಅವರಿಗೆ ಓದಿ ಹೇಳು.