ಬಾತುಗಳು ಬರುವ ವಾರದಲ್ಲಿ ಬಟ್ಟೆ ಒಗೆದದ್ದು

ದ್ವೀಪದ ಮನೆ
ಮೇ ೧೯, ಸಂಜೆ

ಪ್ರೀತಿಯ ಸಿಗ್‌ರುನ್,

ಮತ್ತೆ ಆ ಸ್ವೆಟರಿನ ವಿಚಾರ. ನಿನ್ನೆ ಫೋನಿನಲ್ಲಿ ಅಲ್ಲಿಗೇ ಬಂದು ನಿಂತಿದ್ದೆವಲ್ಲ, ಅಷ್ಟರಲ್ಲಿ ಲೈನು ಕಡಿದುಹೋಯಿತು. ಕಡಿದುಹೋಗಲಿಲ್ಲ, ನಾನೇ ಇಟ್ಟುಬಿಟ್ಟೆ. ಫೋನು ಹಿಡಿಯಬೇಕೆಂದರೆ ಮನೆ ಹಿಂದಿನ ಬಂಡೆ ಹತ್ತಬೇಕು, ಬಂಡೆಯ ಬುಡದಲ್ಲೇ ಬಾತುಗಳಲ್ಲಿ ಇಬ್ಬರು ಕಾವಿಗೆ ಕೂತಿದ್ದಾರೆ, ಅಲ್ಲಿ ಗಟ್ಟಿಯಾಗಿ ಮಾತಾಡುವ ಹಾಗಿಲ್ಲ. ಇದೊಂದು ನೆಪ. ಇನ್ನೊಂದು ಕಾರಣ, ನೀನು ಮೂರನೆಯ ಸಲ ಕೇಳುತ್ತಿದ್ದೆ, ನಾನು ಮೂರನೆಯ ಸಲ ಸುಳ್ಳು ಹೇಳಬೇಕಿತ್ತು.

ನಿನ್ನಮ್ಮನ ಬೂದು ಸ್ವೆಟರು, ನೀಲಿ ಲಂಗ, ತಲೆವಸ್ತ್ರ ಯಾವುದೂ ಕಳೆದಿಲ್ಲ. ಈ ಕಾಗದ ಬರೆಯುವಾಗ ಅವು ನನ್ನ ಮೈಮೇಲೇ ಇವೆ. ನಗಬೇಡ. ಅಥವಾ ನಗು, ಬೋರ್ಗ್‌ಹಿಲ್ಡ್ ದೊಡ್ಡಮ್ಮ ನಕ್ಕು ನಕ್ಕು ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದರು. ಲಂಗ ನನ್ನ ಮೊಣಕಾಲಿಂದ ಒಂದು ಗೇಣು ಕೆಳಗೆ ಬರುತ್ತದೆ, ಅದರ ಕೆಳಗೆ ನನ್ನ ರಬ್ಬರ್ ಬೂಟು. ಮೊದಲಿಂದ ಹೇಳುತ್ತೇನೆ.

ಮಾರ್ಚಿನಲ್ಲಿ ನೀನು ಬರೆದೆಯಲ್ಲ, ಅಮ್ಮನ ಕೆಲಸದ ಬಟ್ಟೆ ಕಳಿಸು ಅಂತ. ಕಳಿಸೋಣ, ಆದರೆ ಹಾಗೇ ಹೇಗೆ ಕಳಿಸುವುದು ಅನ್ನಿಸಿತು. ಮೊಳಕೈಯಲ್ಲಿ ಬಾತಿನ ಹಿಕ್ಕೆ, ಲಂಗದ ಅಂಚಿನಲ್ಲಿ ಕಡಲಪಾಚಿಯ ಚೂರು. ನಾನು ಹಡಗಿನ ಎಂಜಿನ್ ರೂಮಿನಲ್ಲಿ ಮೂವತ್ತನಾಲ್ಕು ವರ್ಷ ಇದ್ದವನು. ಅಲ್ಲಿ ಏನನ್ನಾದರೂ ಬೇರೆಯವರಿಗೆ ಒಪ್ಪಿಸುವ ಮೊದಲು ಒರೆಸಿ ತೊಳೆದು ಕೊಡುತ್ತೇವೆ. ಚಳಿಗಾಲ ಮುಗಿಸಿ ದ್ವೀಪಕ್ಕೆ ವಾಪಸ್ಸು ಬಂದ ವಾರವೇ, ಮೇ ಎರಡನೇ ತಾರೀಕು, ಬಿಸಿನೀರು ಕಾಯಿಸಿ, ಹಸಿರು ಸೋಪು ಹಾಕಿ, ಚೆನ್ನಾಗಿ ಉಜ್ಜಿ ಒಗೆದೆ. ಒಳ್ಳೆಯ ಗಾಳಿ ಇತ್ತು. ಮನೆಮುಂದಿನ ಹಗ್ಗಕ್ಕೆ ಹರವಿದೆ.

ಇಲ್ಲಿ ಹುಟ್ಟಿ ಬೆಳೆದವಳು ನೀನು, ಈ ಸಾಲು ಓದುವಾಗಲೇ ನಿನ್ನ ಕೈ ಬಾಯಿಗೆ ಹೋಗಿರುತ್ತದೆ.

ಅವತ್ತು ಕೊಲ್ಲಿಯ ತುಂಬ ಐಡರ್ ಬಾತುಗಳು. ಗಂಡುಗಳು ಬಿಳಿ ಅಂಗಿ ಕರಿ ಪ್ಯಾಂಟು ಹಾಕಿ ಮದುವೆಗೆ ಹೊರಟ ಹಾಗೆ, ಹೆಣ್ಣುಗಳು ಕಂದುಬಣ್ಣದಲ್ಲಿ. ಆ ಗಂಡುಗಳ ಕೂಗು ನಿನಗೆ ನೆನಪಿದೆಯಾ, ಯಾರೋ ಯಾರದೋ ಮನೆಯ ಗುಟ್ಟು ಹೇಳಿದಾಗ ಇನ್ನೊಬ್ಬರು ‘ಆ... ಹೌದಾ’ ಅಂತ ರಾಗ ಎಳೆದ ಹಾಗೆ. ನೂರು ಜನ ಒಟ್ಟಿಗೆ ಹಾಗೆ ಅಂದರೆ ಕಡಲೇ ಚಾಡಿ ಕೇಳುತ್ತಿರುವಂತಿರುತ್ತದೆ. ನಾಳೆಯೋ ನಾಡಿದ್ದೋ ಜೋಡಿಜೋಡಿಯಾಗಿ ದಡ ಹತ್ತಬೇಕಿತ್ತು. ಅಷ್ಟರಲ್ಲಿ ಗಾಳಿಗೆ ಲಂಗ ಪಟಪಟ ಬಡಿಯಿತು, ಸ್ವೆಟರಿನ ಎರಡೂ ತೋಳು ಮೇಲೆದ್ದವು. ಕೊಲ್ಲಿ ಒಂದೇ ಸಲ ಸುಮ್ಮನಾಯಿತು. ಆಮೇಲೆ ರೆಕ್ಕೆಯ ಸದ್ದು. ನಾನು ಬಕೆಟ್ಟು ಹಿಡಿದು ನಿಂತೇ ಇದ್ದೆ, ನೀರಿನ ಮೇಲೆ ಒಂದು ಬಾತೂ ಇರಲಿಲ್ಲ.

ದ್ವೀಪದ ಆ ತುದಿಯ ಮನೆಯಿಂದ ಬೋರ್ಗ್‌ಹಿಲ್ಡ್ ದೊಡ್ಡಮ್ಮ ಓಡಿ ಬಂದರು. ಎಂಬತ್ತೊಂದು ವರ್ಷದವರು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹಂಗಾಮಿನಲ್ಲಿ ಕೂಗುವ ಹಾಗಿಲ್ಲವಲ್ಲ, ಪಾಪ, ಬೈಗುಳವನ್ನೆಲ್ಲ ಪಿಸುಗುಟ್ಟಿಯೇ ಬೈಯಬೇಕಾಯಿತು.

“ಲೋ ತೊರ್ಲೈಫ್, ನಿಂಗೇನು ತಲೆ ಕೆಟ್ಟಿದ್ಯಾ? ಬಾತು ಬರೋ ಹೊತ್ನಲ್ಲಿ ಬಟ್ಟೆ ಹರವ್ತಾರೇನೋ?”

“ತೊಳೀಬೇಕಿತ್ತು ಅಕ್ಕ, ಕೊಳೆ ಆಗಿತ್ತು.”

“ಕೊಳೆ ಅಂತೆ. ಆ ಕೊಳೆ ನೋಡ್ಕೊಂಡೇ ಕಣೋ ಅವು ಇಪ್ಪತ್ತೆಂಟು ವರ್ಷ ಬಂದಿದ್ದು.”

ಹಗ್ಗದಿಂದ ಬಟ್ಟೆ ಕಿತ್ತು ನನ್ನ ತೋಳಿಗೆ ತುರುಕಿ, ಇದನ್ನೇ ಹಾಕ್ಕೊಂಡು ಓಡಾಡು, ಬೇರೇನೂ ತೋಚೋದಿಲ್ಲ ನಂಗೆ ಎಂದು ಹೇಳಿ ಹೋದರು. ಒದ್ದೆ ಸ್ವೆಟರನ್ನು ಮೂಗಿಗೆ ಹಿಡಿದಾಗ ನನಗೆ ಇನ್ನೊಂದು ಗೊತ್ತಾಯಿತು. ನೀನು ಬಟ್ಟೆ ಕೇಳಿದ್ದು ಬಟ್ಟೆಗಲ್ಲ. ಅದರಲ್ಲಿ ಈಗ ಸೋಪಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಅದನ್ನು ನಿನಗೆ ಹೇಗೆ ಹೇಳಲಿ ಅಂತಲೇ, ಬಟ್ಟೆ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ ಎಂದು ನಿನಗೆ ಎರಡು ಸಲ ಸುಳ್ಳು ಹೇಳಿದೆ.

ಒಂದು ವಸಂತ ಬಾತುಗಳು ತಪ್ಪಿದರೆ ಬೇರೆ ದ್ವೀಪ ಹಿಡಿಯುತ್ತವೆ, ಆಮೇಲೆ ತಿರುಗಿ ನೋಡುವುದಿಲ್ಲ. ಹೋದ ವರ್ಷ ಅರವತ್ತೊಂದು ಗೂಡಿತ್ತು. ನಿನ್ನಮ್ಮ, ಅವಳ ತಾಯಿ, ಅಜ್ಜಿ, ಅಜ್ಜಿಯ ಅತ್ತೆ ಎಲ್ಲರೂ ಕಾಪಾಡಿಕೊಂಡು ಬಂದದ್ದನ್ನು ನಾನು ಒಂದು ಬಕೆಟ್ಟು ಬಿಸಿನೀರಿನಲ್ಲಿ ಮುಗಿಸಿಬಿಟ್ಟೆನಾ ಅಂತ ಊಟ ಸೇರಲಿಲ್ಲ. ಬೋರ್ಗ್‌ಹಿಲ್ಡ್ ದೊಡ್ಡಮ್ಮ ತಂದಿಟ್ಟ ಮೀನುಂಡೆ ಮೂರು ದಿನ ಹಾಗೇ ಇತ್ತು.

ಕೆಲಸ ಮಾತ್ರ ಬಿಡಲಿಲ್ಲ. ಒಣಗಿದ ಕಡಲಪಾಚಿಯನ್ನು ಅವಳು ಮಾಡುತ್ತಿದ್ದ ಹಾಗೆ ಕೈಯಲ್ಲಿ ಉದುರಿಸಿ, ಕಡ್ಡಿ ಆರಿಸಿ, ಕಲ್ಲುಗೂಡುಗಳಲ್ಲಿ, ಮಗುಚಿಟ್ಟ ಹಳೇ ದೋಣಿಯ ಕೆಳಗೆ, ಮೆಟ್ಟಿಲ ಕೆಳಗೆ ಹಾಸಿದೆ. ಮೆಟ್ಟಿಲ ಕೆಳಗೆ ಗೂಡು ಮಾಡುತ್ತಿದ್ದ ಬಾತು, ಅವಳು ನೆನಪಿದ್ದಾಳಲ್ಲ? ಅವಳಿಗೆ ತೊಂದರೆಯಾಗಬಾರದೆಂದು ನೀವು ಅಮ್ಮ ಮಗಳು ಮೇ ತಿಂಗಳಿಡೀ ಅಡುಗೆಮನೆಯ ಕಿಟಕಿಯಿಂದ ಹತ್ತಿ ಇಳಿಯುತ್ತಿದ್ದಿರಿ. ನಾನು ಒಂದು ವರ್ಷ ಜೂನ್ ಮೊದಲ ವಾರ, ಅವಳಿನ್ನೂ ಕೂತಿದ್ದಾಗಲೇ, ರಜೆಗೆ ಬಂದವನು ಮರೆತು ಮುಂಬಾಗಿಲಿಂದ ಬಂದೆ ಅಂತ ನಿನ್ನಮ್ಮ ನನ್ನನ್ನು ದೋಣಿಮನೆಯಲ್ಲಿ ಮಲಗಿಸಿದಳು.

ಹತ್ತನೇ ತಾರೀಕು ಬೆಳಿಗ್ಗೆ ಒಂದು ಜೋಡಿ ಬಂತು. ಆಮೇಲೆ ನಾಲ್ಕು. ನಾನು ಕಿಟಕಿಯ ಹಿಂದೆ ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಇಷ್ಟು ವರ್ಷದಲ್ಲಿ ನಾನು ಅದನ್ನು ನೋಡೇ ಇರಲಿಲ್ಲ, ಸಿಗ್‌ರುನ್. ಮೇ ತಿಂಗಳಲ್ಲಿ ನಾನು ಯಾವಾಗಲೂ ಸಮುದ್ರದ ಮೇಲೆ. ಬಾಡಿಗೆ ಮನೆ ನೋಡಲು ಬಂದ ಹೊಸ ಜೋಡಿಯ ಹಾಗೇ ಬರುತ್ತವೆ. ಗಂಡು ಹೊರಗೆ ನಿಲ್ಲುತ್ತದೆ, ಹೆಣ್ಣು ಒಳಗೆ ಹೋಗಿ ಒಂದು ಸುತ್ತು ತಿರುಗಿ, ಮೂಲೆ ನೋಡಿ, ಏನೂ ಹೇಳದೆ ಹೊರಗೆ ಬಂದು ಮುಂದಿನ ಮನೆಗೆ ನಡೆಯುತ್ತದೆ. ಗಂಡು ಹಿಂದೆ ಹಿಂದೆ. ಮನೆ ಒಪ್ಪಿಗೆಯಾಗಿ ಅವಳು ಕೂತ ಕೆಲವು ದಿನಕ್ಕೆ ಅವನು ಕಡಲಿಗೆ ಹೋಗುತ್ತಾನೆ. ಅವಳು ಇಪ್ಪತ್ತೈದು ದಿನ ಹೆಚ್ಚುಕಡಿಮೆ ಉಪವಾಸ, ತನ್ನ ಎದೆಯ ತುಪ್ಪುಳ ತಾನೇ ಕಿತ್ತು ಮೊಟ್ಟೆಗೆ ಹೊದಿಸಿ ಕೂರುತ್ತಾಳೆ. ಮರಿ ಹೋದ ಮೇಲೆ ಗೂಡಿನಲ್ಲಿ ಉಳಿಯುವ ಆ ತುಪ್ಪುಳವೇ ಅವರು ನಮಗೆ ಕೊಡುವ ಬಾಡಿಗೆ. ಅದನ್ನು ಮುಷ್ಟಿಯಲ್ಲಿ ಹಿಸುಕಿ ಬಿಟ್ಟರೆ ಅದು ಉಸಿರೆಳೆದುಕೊಂಡ ಹಾಗೆ ಮತ್ತೆ ಉಬ್ಬುತ್ತದೆ. ತೂಕವೇ ಇಲ್ಲ, ಆದರೆ ಕೈ ಬೆಚ್ಚಗಾಗುತ್ತದೆ. ಕಾಡುಹಕ್ಕಿ, ಯಾರ ಹಂಗೂ ಇಲ್ಲದ್ದು, ಒಬ್ಬ ಹೆಂಗಸನ್ನು ನಂಬಿ ಅವಳ ಮೆಟ್ಟಿಲ ಕೆಳಗೆ ಬಂದು ಕೂರುವುದೆಂದರೆ ಏನು! ನಾನು ಪ್ರಪಂಚದ ಎಷ್ಟು ಬಂದರು ನೋಡಿದೆ, ಈ ಸೋಜಿಗ ನನ್ನ ಹೊಸಿಲಿನಲ್ಲೇ ಇತ್ತು.

ಆದರೆ ನಾನು ಹೊರಗೆ ಕಾಲಿಟ್ಟರೆ ಎದ್ದುಹೋಗುತ್ತಿದ್ದವು. ಲಂಗ ಇದೆ, ಸ್ವೆಟರಿದೆ, ತಲೆವಸ್ತ್ರ ಇದೆ, ತುದಿಗಾಲಲ್ಲಿ ಸದ್ದಿಲ್ಲದೆ ನಡೆಯುತ್ತಿದ್ದೇನೆ, ಆದರೂ ಕತ್ತು ನಿಮಿರಿಸಿ, ಎದ್ದು, ನೀರಿಗೆ. ಗೂಡು ಸುತ್ತಿ ಕಾಯದೆ ಇರುವ ಹಾಗೂ ಇಲ್ಲ, ಆ ಕಳ್ಳಪ್ರಾಣಿ ಮಿಂಕ್ ನುಸುಳಿ ಬಂದು ಮೊಟ್ಟೆ ಕದಿಯುತ್ತದೆ. ಹನ್ನೆರಡನೇ ತಾರೀಕು ಬೋರ್ಗ್‌ಹಿಲ್ಡ್ ದೊಡ್ಡಮ್ಮ ದೂರ ನಿಂತು ನನ್ನ ನಡಿಗೆ ನೋಡಿದರು. ನಕ್ಕು ಮುಗಿದ ಮೇಲೆ ಹೇಳಿದರು.

“ಸದ್ದಿಲ್ದೆ ಬರೋದು ಮಿಂಕ್ ಕಣೋ. ಮನುಷ್ಯ ಆದೋನು ಮಾತಾಡ್ತಾ ಬರ್ಬೇಕು. ಓಡ್‌ನಿ ಇಲ್ಲಿಂದ ಅಲ್ಲೀ ತನಕ ಬಾಯಿ ಮುಚ್ತಿರ್ಲಿಲ್ಲ.”

“ಏನು ಮಾತಾಡ್ತಿದ್ಲು ಅಕ್ಕ?”

“ಇನ್ನೇನು, ನಿನ್ ವಿಷ್ಯ. ಊರಲ್ಲಿಲ್ಲದ ಗಂಡನ್ನ ಬೈಕೊಳ್ಳೋಕೆ ಅವಕ್ಕಿಂತ ಒಳ್ಳೆ ಜನ ಎಲ್ಲಿ ಸಿಕ್ತಾರೆ?”

ಮಾತಾಡು ಅಂದರೆ ನಾನೇನು ಮಾತಾಡಲಿ? ಮೊದಲ ಗೂಡಿನ ಮುಂದೆ ಬಾಯಿ ತೆರೆದೆ, ನಮ್ಮ ಮಾತಿನಲ್ಲಿ ಒಂದು ಪದ ಹೊರಟರೂ ಅದರ ಹಿಂದೆ ಅಳು ನಿಂತಿತ್ತು. ಆಗ, ನಗಬೇಡ, ಬೋಡೊ ಕಾಲೇಜಿನ ಇಂಗ್ಲಿಷ್ ನೆನಪಾಯಿತು. ಹಡಗು ಹತ್ತುವ ಮೊದಲು ಅಲ್ಲಿದ್ದದ್ದು ಎರಡೇ ವರ್ಷ. ವ್ಯಾಪಾರದ ಪತ್ರ ಬರೆಯುವುದನ್ನು ಬಾಯಿಪಾಠ ಮಾಡಿಸುತ್ತಿದ್ದರು. ಆ ಭಾಷೆಯಲ್ಲಿ ನಾನು ಯಾವತ್ತೂ ಅತ್ತಿರಲಿಲ್ಲ, ಹಾಗಾಗಿ ಅದು ಸುರಕ್ಷಿತ. ಮೆಲ್ಲಗೆ ಶುರು ಮಾಡಿದೆ: ಡಿಯರ್ ಸರ್ಸ್, ವಿತ್ ರೆಫರೆನ್ಸ್ ಟು ಯುವರ್ ಲೆಟರ್. ಬಾತು ಕತ್ತು ನಿಮಿರಿಸಿತು, ಏಳಲಿಲ್ಲ. ಮುಂದಿನವಳ ಹತ್ತಿರ: ವಿ ಹ್ಯಾವ್ ದ ಪ್ಲೆಷರ್ ಟು ಅನೌನ್ಸ್. ಏನು ಅನೌನ್ಸು ಅಂತ ಮರೆತುಹೋಗಿತ್ತು. ಅವಳೂ ಕೇಳಲಿಲ್ಲ. ಹೀಗೆ ನಾಲ್ಕು ವಾಕ್ಯದಲ್ಲಿ ಮೂರು ದಿನ ದ್ವೀಪ ಸುತ್ತಿದೆ. ಸಾಮಾನು ತಡವಾದದ್ದಕ್ಕೆ ಬಾತುಗಳ ಕ್ಷಮೆ ಕೇಳಿದೆ.

ನಾಲ್ಕನೆಯ ದಿನ ಮೆಟ್ಟಿಲ ಕೆಳಗಿನ ಗೂಡಿಗೆ ಬಂದೆ. ಅಲ್ಲಿ ಒಬ್ಬಳು ಬಂದು ಕೂತಿದ್ದಳು, ಮುದುಕಿ, ಕಣ್ಣಿನ ಸುತ್ತ ಬೆಳ್ಳಗಾಗಿತ್ತು. ನಾನು ಕುಕ್ಕರಗಾಲಲ್ಲಿ ಕೂತು ಐ ರಿಗ್ರೆಟ್ ಟು ಇನ್‌ಫಾರ್ಮ್ ಯು ದಟ್ ಎಂದೆ. ವಿಷಾದದಿಂದ ತಿಳಿಸುವುದೇನೆಂದರೆ, ಅಂತ. ಅದರ ಮುಂದೆ ಏನಿತ್ತೋ, ಸಕ್ಕರೆ ಮೂಟೆ ಒದ್ದೆಯಾಯಿತು ಅಂತಲೋ ಏನೋ, ಬರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ವಾಕ್ಯ ಅರ್ಧಕ್ಕೆ ನಿಂತಿತ್ತು, ಮುಗಿಸಲೇಬೇಕಿತ್ತು.

“ಓಡ್‌ನಿ ಇಲ್ಲಮ್ಮ,” ಅಂದೆ, ನಮ್ಮ ಮಾತಲ್ಲೇ. “ನವೆಂಬರಲ್ಲಿ ಹೋದ್ಲು. ನಾನು ಅವಳ ಗಂಡ.”

ಅವಳು ಎದ್ದು ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ಕತ್ತು ಇಳಿಸಿ, ಕೊಕ್ಕಿನಿಂದ ತುಪ್ಪುಳ ಸ್ವಲ್ಪ ಒಳಗೆಳೆದುಕೊಂಡು, ಕೂತೇ ಇದ್ದಳು. ನಾನು ಅಲ್ಲೇ ಎಷ್ಟು ಹೊತ್ತು ಮಾತಾಡಿದೆನೋ. ಸಮಾಧಿಯ ದಿನ ಪಾದ್ರಿಯ ಮುಂದೆ, ನಿನ್ನ ಮುಂದೆ ಬಾಯಿಂದ ಹೊರಡದ್ದೆಲ್ಲ ಹೊರಟಿತು. ಮೇ ತಿಂಗಳಲ್ಲಿ ಒಂದು ಸಲವೂ ಮನೆಯಲ್ಲಿರದೆ ಹೋದದ್ದು. ಕೊನೆಯ ವರ್ಷ ಬೆನ್ನುನೋವು ಅಂತ ಅವಳಂದಾಗ ಪಾಚಿ ಹೊರೆ ಕಡಿಮೆ ಹೊರು ಅಂದು ಸುಮ್ಮನಾದದ್ದು. ಅವಳ ಬೈಗುಳಕ್ಕೆಲ್ಲ ಇಷ್ಟು ವರ್ಷ ತಡವಾಗಿ ಉತ್ತರ ಕೊಟ್ಟ ಹಾಗಿತ್ತು. ಅದರ ಮರುದಿನದಿಂದ ಪ್ರತಿ ಗೂಡಿನ ಮುಂದೆ ಏನಾದರೊಂದು ಹೇಳಿಯೇ ಮುಂದೆ ಹೋಗುತ್ತೇನೆ. ನಿನ್ನ ಬಗ್ಗೆಯೂ ಹೇಳಿದ್ದೇನೆ, ಟ್ರೊಂಡೆಮ್ಮಿನಲ್ಲಿ ನಿನಗೆ ಸಿಕ್ಕ ಕೆಲಸ, ನೀನು ಸಿಟ್ಟು ಮಾಡಿಕೊಂಡರೆ ಥೇಟು ಅವಳೇ ಅನ್ನುವುದು.

ಇವತ್ತಿಗೆ ನಲವತ್ತನಾಲ್ಕು ಗೂಡು. ಅರವತ್ತೊಂದಲ್ಲ. ಹದಿನೇಳು ಮನೆ ಖಾಲಿ ಇವೆ, ಅದು ನನ್ನ ಸೋಪಿನ ಲೆಕ್ಕ. ಆದರೂ ನಲವತ್ತನಾಲ್ಕು. ಬೋರ್ಗ್‌ಹಿಲ್ಡ್ ದೊಡ್ಡಮ್ಮ ಎಣಿಸಿ, ಪರವಾಗಿಲ್ಲ ಎಂದರು. ಅವರ ಬಾಯಲ್ಲಿ ಅದು ಬಲು ದೊಡ್ಡ ಹೊಗಳಿಕೆ.

ಅದಕ್ಕೇ ಬಟ್ಟೆ ಈಗ ಕಳಿಸಲಾರೆ. ಜೂನಿನಲ್ಲಿ ಮರಿ ಕಟ್ಟಿಕೊಂಡು ಇವು ನೀರಿಗಿಳಿಯುವ ತನಕ ನನಗೆ ಬೇಕು. ವಾಸನೆ ಹೋದದ್ದಕ್ಕೆ ನಿನ್ನ ಹತ್ತಿರ ಹೇಗೆ ಕ್ಷಮೆ ಕೇಳಬೇಕೋ ಯಾವ ಭಾಷೆಯಲ್ಲೂ ತಿಳಿಯದು. ಇನ್ನೂ ಬರೆಯುವುದಿತ್ತು, ಆ ಮುದುಕಿ ಬಾತು ಒಂದು ದಿನ ನನ್ನ ಬೂಟಿನ ಮೇಲೆ... ಪಡುವಣದಿಂದ ಮಂಜು ಏರಿ ಬರುತ್ತಿದೆ, ಕಾಗದದ ಮೇಲಿನ ಬೆಳಕು ಹೋಗುತ್ತಿದೆ, ನನ್ನ ಅಕ್ಷರ ನನಗೇ ಕಾಣುತ್ತಿಲ್ಲ. ಈ ಕಿಟಕಿಯ ಮುಂದೆಯೇ ಮೂವರು ಕೂತಿದ್ದಾರೆ, ದೀಪ ಹಚ್ಚುವಂತಿಲ್ಲ.

ನಿನ್ನ ಅಪ್ಪ,
ತೊರ್ಲೈಫ್

ಮ.ಬ.: ಬೆಳಿಗ್ಗೆ ಅಂಚೆ ದೋಣಿ ಬರುವ ಮೊದಲು ಇದನ್ನು ಸೇರಿಸುತ್ತಿದ್ದೇನೆ. ಮೇಲೆ ಒಂದು ಕಡೆ ಮತ್ತೆ ಸುಳ್ಳು ಬರೆದಿದ್ದೇನೆ. ಮೊನ್ನೆ ಭಾನುವಾರ ನನ್ನ ಪ್ಯಾಂಟು, ನನ್ನ ಹಳೇ ಎಣ್ಣೆಕಲೆಯ ಜಾಕೆಟ್ಟಿನಲ್ಲೇ ಮಾತಾಡುತ್ತಾ ಎಲ್ಲ ಗೂಡೂ ಸುತ್ತಿ ಬಂದೆ. ಒಬ್ಬಳೂ ಏಳಲಿಲ್ಲ. ಅವಕ್ಕೆ ಈ ಬಟ್ಟೆ ಬೇಕಿಲ್ಲ ಮಗಳೇ. ಮನೆಗೆ ಬಂದವನು ಮತ್ತೆ ಇದನ್ನೇ ಹಾಕಿಕೊಂಡೆ. ನೀನು ಬಾ. ಅಡುಗೆಮನೆಯ ಕಿಟಕಿಯಿಂದ ಒಳಗೆ ಬಾ. ಸ್ವೆಟರನ್ನು ಒಬ್ಬೊಬ್ಬರು ಒಂದೊಂದು ದಿನ ಹಾಕಿಕೊಳ್ಳೋಣ.